ಕತ್ತಲಿಗೆ ಹೂಂ ಅನ್ನೋರು ಯಾರು?

"ಸುಳ್ಳು ಮಿಸ್! ಹಸಿ ಸುಳ್ಳು!"

ಹರ್ಷಿತಾ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತಳು. ಕಂಪ್ಯೂಟರ್ ರೂಮಿನಲ್ಲಿದ್ದ ಮಕ್ಕಳೆಲ್ಲ ಅವಳ ಕಡೆ ತಿರುಗಿದರು. ತೇಜಸ್ ಮಾತ್ರ ತನ್ನ ಸ್ಕ್ರೀನ್ ನೋಡಿಕೊಂಡು ಮುಸಿಮುಸಿ ನಗುತ್ತಿದ್ದ.

ನಗದೆ ಇನ್ನೇನು? ಶಾಲೆಯ ಬ್ಲಾಗಿನಲ್ಲಿ ಅವನ ಪೋಸ್ಟ್ ಓದಲು ಊರಿಗೆ ಊರೇ ಮುಗಿಬಿದ್ದಿತ್ತು. ತಲೆಬರಹ ಹೇಗಿತ್ತು ಅಂತೀರಿ? 'ನಮ್ಮೂರಿಗೆ ಆನೆ ಬಂತು! ಮುಂದೇನಾಯ್ತು ಗೊತ್ತಾ?' ಓದುತ್ತಾ ಹೋದರೆ ಅಲ್ಲಿ ಇದ್ದದ್ದು ಅವನ ಮಾವನ ಹೊಸ ಲಾರಿ. ಅದರ ಹಿಂದೆ ಒಂದು ಆನೆಯ ಚಿತ್ರ ಬರೆಸಿದ್ದರಂತೆ. ಅಷ್ಟೇ!

"ಟೈಟಲ್ ಕ್ಯಾಚಿಯಾಗಿರ್ಬೇಕು ಅಂತ ಮಿಸ್ಸೇ ಹೇಳಿದ್ದು," ಎಂದ ತೇಜಸ್. "ಆನೆ ಬಂತು ತಾನೇ? ಲಾರಿ ಮೇಲೆ ಬಂತು."

ಎಲ್ಲರೂ ಗೊಳ್ಳೆಂದು ನಕ್ಕರು. ಹರ್ಷಿತಾಳಿಗೆ ಮೈಯೆಲ್ಲ ಉರಿದುಹೋಯಿತು.

"ಅದನ್ನ ಯಾರೋ ವಾಟ್ಸಾಪ್ ಗ್ರೂಪಿಗೆ ಹಾಕಿದ್ರು ಮಿಸ್. ಆನೆ ಎಲ್ಲಿದೆ ಅಂತ ಹೇಳ್ತಾರಲ್ಲ, ಆ ಗ್ರೂಪಿಗೆ! ನಮ್ಮಜ್ಜಿ ಹೆದರಿ ಬೆಳಿಗ್ಗೆ ಡೈರಿಗೆ ಹೋಗ್ಲೇ ಇಲ್ಲ. ಕ್ಯಾನ್ ಹಾಲೆಲ್ಲ ಒಡೆದುಹೋಯ್ತು!"

ನಗು ನಿಂತುಹೋಯಿತು. ಹಾರಂಗಿ ಹೊಳೆಯಾಚೆ ಆನೆ ಓಡಾಡುವ ಈ ಊರುಗಳಲ್ಲಿ ಆ ಗ್ರೂಪಿನಲ್ಲಿ ಬಂದ ಮಾತನ್ನು ಯಾರೂ ತಮಾಷೆ ಅಂದುಕೊಳ್ಳುವುದಿಲ್ಲ. ತೇಜಸ್ ಕೂಡ ತಲೆ ತಗ್ಗಿಸಿದ.

"ತೇಜಸ್, ಟೈಟಲ್ ಬದಲಾಯಿಸು. ಈಗಲೇ," ಎಂದರು ಉಷಾರಾಣಿ ಮಿಸ್. ಆಮೇಲೆ ಹರ್ಷಿತಾಳ ಹತ್ತಿರ ಬಂದು ಮೆಲ್ಲಗೆ ಹೇಳಿದರು, "ನಿನ್ನ ಪೋಸ್ಟ್ ವಿಷಯ ತುಂಬಾ ಒಳ್ಳೇದು ಕಣಮ್ಮಾ. ಆದ್ರೆ ಬೋರ್ಡ್ ನೋಡ್ಕೊಂಡು ಇನ್ನೊಂದ್ಸಲ ತಿದ್ದು."

ಬೋರ್ಡಿನ ಮೇಲೆ ಮಿಸ್ ಬರೆದದ್ದು ಇನ್ನೂ ಇತ್ತು. ತಲೆಬರಹ ಕೈಹಿಡಿದು ಒಳಗೆ ಎಳೆಯಬೇಕು. ಮೊದಲ ಸಾಲಿನಲ್ಲೇ ವಿಷಯಕ್ಕೆ ಬರಬೇಕು. ಪ್ಯಾರಾ ಚಿಕ್ಕದಿರಲಿ. ಕೊನೆಗೆ ಓದುಗರನ್ನು ಏನಾದರೂ ಕೇಳಿ.

ಹರ್ಷಿತಾಳ ಪೋಸ್ಟಿನ ಹೆಸರು 'ಬೀದಿ ದೀಪಗಳ ಮಹತ್ವ'. ಮೊದಲ ಸಾಲು, 'ಮಾನವನ ಜೀವನದಲ್ಲಿ ಬೆಳಕಿಗೆ ಮಹತ್ವದ ಸ್ಥಾನವಿದೆ.' ಅದನ್ನು ಓದಿದ್ದು ಮಿಸ್ ಒಬ್ಬರೇ. ಬಿದಿರು ಮೆಳೆಯ ತಿರುವಿನಲ್ಲಿ ದೀಪ ಕೆಟ್ಟು ಗಣಪತಿ ಹಬ್ಬದಿಂದ ಕತ್ತಲೋ ಕತ್ತಲು. ಅಜ್ಜಿ ಮುತ್ತಮ್ಮ ದಿನಾ ಬೆಳಕು ಹರಿಯುವ ಮೊದಲೇ ಅದೇ ದಾರಿಯಲ್ಲಿ ಹಾಲು ಹಾಕಲು ಹೋಗಬೇಕು. ದೊಡ್ಡವರು ಯಾರಾದರೂ ಓದಿ ದೀಪ ಹಾಕಿಸಲಿ ಎಂದು ಅವಳು ಕಷ್ಟಪಟ್ಟು ಬರೆದದ್ದು. ಊಹೂಂ, ಯಾರೂ ಓದಲಿಲ್ಲ.

ಮನೆಗೆ ಬಂದರೂ ಅವಳ ಸಿಟ್ಟು ಇಳಿಯಲಿಲ್ಲ. ಸುಳ್ಳು ಬರೆದವನಿಗೆ ಲೈಕು, ನಿಜ ಬರೆದವಳಿಗೆ ಆಕಳಿಕೆ! ಯಾವ ಊರಿನ ನ್ಯಾಯ ಇದು? ಅಪ್ಪನ ಫೋನ್ ತೆಗೆದುಕೊಂಡು ಜಗಲಿ ಮೇಲೆ ಕೂತಳು. ಆನೆ ತಾನೇ ಬೇಕು ಇವರಿಗೆ? ಕೊಡ್ತೀನಿ ತಗೊಳ್ಳಿ. ಹೊಸ ತಲೆಬರಹ ಟೈಪ್ ಮಾಡಿ, ಹೇಗೆ ಕೇಳುತ್ತದೆ ನೋಡೋಣ ಎಂದು ಜೋರಾಗಿ ಓದಿದಳು.

"ತಿರುವಿನಲ್ಲಿ ಆನೆ ನಿಂತಿದೆ!"

ಕೊಟ್ಟಿಗೆಯಲ್ಲಿ ಏನೋ ದಡಾರನೆ ಬಿತ್ತು. ಅಜ್ಜಿ ಬರಿಗಾಲಲ್ಲಿ ಓಡಿಬಂದರು. "ಎಲ್ಲಿ? ಯಾವ ಕಡೆ? ಅಯ್ಯೋ, ಕರ ಹೊರಗೇ ಐತಲ್ಲೇ!"

"ಇಲ್ಲಜ್ಜಿ, ಇಲ್ಲ! ಸುಮ್ನೆ ಟೈಟಲ್ ಅದು!"

ಅಜ್ಜಿ ಕಂಬ ಹಿಡಿದುಕೊಂಡು ನಿಂತರು. ಏದುಸಿರು ಬಿಡುತ್ತಿದ್ದರು. "ಸುಮ್ನೇನಾ?" ಎಂದು ಅಷ್ಟೇ ಕೇಳಿದರು. ಬೈಯಲೂ ಇಲ್ಲ.

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹರ್ಷಿತಾ ಆ ಸಾಲನ್ನು ಒಂದೊಂದೇ ಅಕ್ಷರವಾಗಿ ಅಳಿಸಿದಳು. ಅಜ್ಜಿಗೆ ನೀರು ತಂದುಕೊಟ್ಟಳು.

"ನಿಜವಾದ್ದು ಓದ್ತೀನಿ, ಕೇಳ್ತೀಯಾ ಅಜ್ಜಿ?"

"ಓದು ಮಗಾ."

ಅಜ್ಜಿಯ ಒಂದು ಕಾನೂನಿದೆ. ಅವರು ಕತೆ ಹೇಳುವಾಗ ಕೇಳುವವರು ಹೂಂ ಅನ್ನುತ್ತಿರಬೇಕು. ಹೂಂ ನಿಂತರೆ ಕತೆಯೂ ನಿಂತಿತು. ಕಾಡಿಗೆ ಹೋದ ರಾಜ ಅಲ್ಲೇ ಇರಬೇಕು, ನೀವು ಏನೇ ಬೇಡಿಕೊಂಡರೂ ಅಜ್ಜಿ ಅವನನ್ನು ಊರಿಗೆ ತರುವುದಿಲ್ಲ. ಇವತ್ತು ಹೂಂ ಅನ್ನುವ ಸರದಿ ಅಜ್ಜಿಯದು. ಮಾನವನ ಜೀವನಕ್ಕೆ ಹೂಂ ಅಂದರು. ಬೆಳಕಿನ ಮಹತ್ವಕ್ಕೆ ಸಣ್ಣದಾಗಿ ಹೂಂ ಅಂದರು. ಆಮೇಲೆ ಕೇಳಿಬಂದದ್ದು ಗೊರಕೆ.

"ಅಜ್ಜೀ! ನೀನೂನಾ?"

ಅಜ್ಜಿ ಕಣ್ಣುಜ್ಜಿಕೊಂಡರು. "ಏನ್ ಮಾಡ್ಲಿ ಮಗಾ, ಹೂಂ ಬರಲಿಲ್ಲ. ಇದ್ರಾಗೆ ನಾನು ಎಲ್ಲಿವ್ನಿ?"

"ಕೊನೇ ಪ್ಯಾರಾದಲ್ಲಿ ಬರ್ತೀಯಲ್ಲ."

"ಅಷ್ಟೊತ್ತಿಗೆ ಯಾರು ಎದ್ದಿರ್ತಾರೆ?"

ಹರ್ಷಿತಾಳಿಗೆ ಸಿಟ್ಟಿನ ಜೊತೆಗೇ ನಗು ಬಂತು. "ಸರಿ, ಆ ತಿರುವಿನಲ್ಲಿ ನೀನು ಏನ್ ಮಾಡ್ತೀಯ ಹೇಳು. ಟಾರ್ಚ್ ಇದೆಯಲ್ಲ?"

"ಟಾರ್ಚು ಕಾಲ ಬುಡಕ್ಕಾಯ್ತು. ಮೆಳೆ ಒಳಗೆ ಕಾಣ್ತದಾ? ಕ್ಯಾನು ಕೆಳಗಿಡ್ತೀನಿ. ಜೋರಾಗಿ ಕೆಮ್ತೀನಿ. 'ಗಣಪ್ಪಾ, ನಾನು ಮುತ್ತಮ್ಮ. ಹಾಲು ಹಾಕಕ್ಕೆ ಹೋಗ್ತಾ ಇವ್ನಿ. ದಾರಿ ಬಿಡಪ್ಪಾ' ಅಂತೀನಿ. ಬಿದಿರು ಮುರಿಯೋ ಸದ್ದು ಇಲ್ದಿದ್ರೆ ಮುಂದಕ್ಕೆ ಹೋಗ್ತೀನಿ."

"ಸದ್ದು ಬಂದ್ರೆ?"

"ಇನ್ನೂ ಬಂದಿಲ್ಲ ನೋಡು," ಎಂದರು ಅಜ್ಜಿ.

ಆ ಹೊತ್ತಿನಲ್ಲಿ ತಾನು ರಗ್ಗು ಹೊದ್ದು ಬೆಚ್ಚಗೆ ಮಲಗಿರುತ್ತೇನೆ ಎಂದು ಹರ್ಷಿತಾಳಿಗೆ ನೆನಪಾಯಿತು.

"ಯಾಕ್ ಮಗಾ, ಹೂಂ ಅನ್ನಲ್ವಾ?" ಎಂದರು ಅಜ್ಜಿ.

ಅವಳು ಹಳೆಯದನ್ನೆಲ್ಲ ಅಳಿಸಿ ಮತ್ತೆ ಬರೆದಳು. 'ನಮ್ಮಜ್ಜಿ ಕತ್ತಲ ಜೊತೆ ಮಾತಾಡ್ತಾಳೆ.' ಮೊದಲ ಸಾಲಿನಲ್ಲೇ ಅಜ್ಜಿ ಕ್ಯಾನ್ ಕೆಳಗಿಟ್ಟರು. ಎರಡನೆಯದರಲ್ಲಿ ಕೆಮ್ಮಿದರು. ಒಂದು ಸಾಲೂ ಸುಳ್ಳಿರಲಿಲ್ಲ. ಕೊನೆಗೆ ಹೀಗೆ ಬರೆದಳು: 'ಕತೆ ಹೇಳುವಾಗ ನಮ್ಮಜ್ಜಿಗೆ ಹೂಂ ಅನ್ನೋರು ಬೇಕು. ಆ ತಿರುವಿನಲ್ಲಿ ದೀಪವಿಲ್ಲ, ಜನರಿಲ್ಲ. ಅಲ್ಲಿ ಹೂಂ ಅನ್ನೋರು ಯಾರು?'

ಮರುದಿನ ಮಿಸ್ ಅದನ್ನು ಬ್ಲಾಗಿಗೆ ಹಾಕಿದರು. ಸಂಜೆ ಹರ್ಷಿತಾ ನೋಡಿದಾಗ ಒಂದೇ ಒಂದು ಕಾಮೆಂಟ್ ಇತ್ತು. ಅವಳ ಕ್ಲಾಸಿನ ಕುಸುಮಾಳ ಅಮ್ಮ 'ಪಾಪ' ಎಂದು ಬರೆದಿದ್ದರು.

"ಪಾಪ ಅಂದ್ರೆ ದೀಪ ಹತ್ತುತ್ತಾ?" ಎಂದು ಸಿಡುಕಿ ಫೋನನ್ನು ಅಪ್ಪನ ಕೈಗೆ ಕೊಟ್ಟುಬಿಟ್ಟಳು. "ನಾಳೆ ನಾನೂ ಬರ್ತೀನಿ ಅಜ್ಜಿ. ಬೇಡ ಅನ್ಬೇಡ."

ಬೆಳಗಿನ ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಮಂಜಿನಲ್ಲಿ ಅಜ್ಜಿಯ ಟಾರ್ಚಿನ ಬೆಳಕು ನಾಲ್ಕು ಹೆಜ್ಜೆಗೂ ಸಾಲುತ್ತಿರಲಿಲ್ಲ. ತಿರುವಿನಲ್ಲಿ ಅಜ್ಜಿ ಕ್ಯಾನ್ ಕೆಳಗಿಟ್ಟು ಕೆಮ್ಮಿದರು. ಹರ್ಷಿತಾ ಅವರ ಸೆರಗು ಗಟ್ಟಿಯಾಗಿ ಹಿಡಿದಳು.

"ಗಣಪ್ಪಾ, ನಾನು ಮುತ್ತಮ್ಮ. ಹಾಲು ಹಾಕಕ್ಕೆ ಹೋಗ್ತಾ ಇವ್ನಿ. ದಾರಿ ಬಿಡಪ್ಪಾ."

"ಹೂಂ!" ಎಂದಿತು ಕತ್ತಲು.

"ಅಯ್ಯೋ ಶಿವನೇ! ಗಣಪ್ಪ ಮಾತಾಡ್ದ!" ಅಜ್ಜಿ ಹರ್ಷಿತಾಳನ್ನು ಬಾಚಿ ತಬ್ಬಿಕೊಂಡರು.

ಪಕ್ಕನೆ ಒಂದು ದೊಡ್ಡ ಟಾರ್ಚ್ ಹತ್ತಿಕೊಂಡಿತು. ಅದನ್ನು ಹಿಡಿದವರು ತೇಜಸ್‌ನ ಅಪ್ಪ ಧರ್ಮೇಶ್. "ಹೆದರ್ಬೇಡಿ ದೊಡ್ಡವ್ವಾ, ನಾನು ಧರ್ಮೇಶ!"

"ನನ್ ಪ್ರಾಣನೇ ಹೋಗ್ತಿತ್ತಲ್ಲೋ ಮಾರಾಯ! ಹಂಗಾ ಹೂಂ ಅನ್ನೋದು?"

"ಅಂದಿದ್ದು ನಾನಲ್ಲ," ಎಂದು ಅವರು ಬೆನ್ನ ಹಿಂದಿನಿಂದ ಒಬ್ಬನನ್ನು ಮುಂದಕ್ಕೆ ಎಳೆದರು. ಮಂಕಿ ಕ್ಯಾಪ್ ಹಾಕಿಕೊಂಡ ತೇಜಸ್! "ನಾನು ಟಾರ್ಚ್ ಹಾಕೋಷ್ಟರಲ್ಲಿ ಹೂಂ ಅಂದ್ಬಿಟ್ಟ. ಹರ್ಷಿತಾ ಬರೆದಿದ್ದನ್ನ ರಾತ್ರಿ ಓದಿ ಹೇಳಿದ್ದೂ ಇವ್ನೇ. ಪಂಚಾಯ್ತಿ ಮೆಂಬರ್‌ಗೆ ಫೋನ್ ಮಾಡಿ ಚೆನ್ನಾಗಿ ಜಾಡಿಸಿದ್ದೀನಿ. ದೀಪ ಹಾಕೋ ತನಕ ದಿನಾ ನಾವಿಲ್ಲಿ ಟಾರ್ಚ್ ಹಿಡ್ಕೊಂಡು ನಿಂತಿರ್ತೀವಿ."

ಅಜ್ಜಿ ನಗುತ್ತಾ ಕ್ಯಾನ್ ಎತ್ತಿಕೊಂಡು ಧರ್ಮೇಶ್ ಜೊತೆ ಮುಂದೆ ನಡೆದರು. ತೇಜಸ್ ಹರ್ಷಿತಾಳ ಪಕ್ಕದಲ್ಲಿ ಕಾಲೆಳೆಯುತ್ತಾ ಬಂದ.

"ಮೊನ್ನೆ ನಿಮ್ಮ ಹಾಲು ಒಡೆದುಹೋಯ್ತಲ್ಲ..." ಎಂದ. ಅಲ್ಲಿಗೆ ಅವನ ಮಾತು ನಿಂತಿತು.

ಅವನಿಗೆ ಹೇಳಬೇಕೆಂದು ಹರ್ಷಿತಾ ಮೊನ್ನೆಯಿಂದ ಎಷ್ಟೊಂದು ಮಾತು ಕೂಡಿಟ್ಟಿದ್ದಳು! ಸುಳ್ಳುಬುರುಕ ಅನ್ನುವುದು ಅದರಲ್ಲಿ ತೀರಾ ಸಣ್ಣದು. ಅವನ ಕಡೆ ತಿರುಗಿ ಬಾಯಿ ತೆರೆದಳು. ತೇಜಸ್ ನಡುಗುತ್ತಾ ಅವಳ ಮುಖವನ್ನೇ ನೋಡುತ್ತಿದ್ದ. ನಿನ್ನೆ ಸಂಜೆ ಫೋನ್ ಹಿಡಿದು ಕೂತಾಗ ತಾನೂ ಹೀಗೇ ಕಾಯುತ್ತಿದ್ದೆ ಅಂತ ಅವಳಿಗೆ ಅನಿಸಿತು.

"ಹೂಂ," ಎಂದಳು ಹರ್ಷಿತಾ. "ಹೇಳು, ಆಮೇಲೆ?"