ಮೆಸ್ಸಿನ ಕೊನೆಯ ಬ್ರಹ್ಮಚಾರಿ

"ಈ ಅನ್ನ ಬೆಂದಿಲ್ರಿ."

ಬಡಿಸುತ್ತಿದ್ದ ವೇದವತಿಯ ಕೈ ಅಲ್ಲೇ ನಿಂತಿತು. ಸಾಲಿನಲ್ಲಿ ಉಣ್ಣುತ್ತಿದ್ದವರೆಲ್ಲ ತಲೆ ಎತ್ತಿದರು. ಅಮ್ಮನ ಅಡುಗೆಗೆ ಇಂಥ ಮಾತನ್ನು ಆ ಮನೆಯಲ್ಲಿ ಯಾರೂ ಆಡಿರಲಿಲ್ಲ.

"ಬೆಂದಿದೆ. ಇದು ಕುಚ್ಚಲಕ್ಕಿ, ಅಗಿದು ತಿನ್ಲಿಕ್ಕೆ ಉಂಟು. ನಿಮ್ಮ ಊರಲ್ಲಿ ಹಲ್ಲಿಗೆ ಕೆಲಸ ಇಲ್ವಾ?"

"ಧಾರವಾಡದಾಗ ಹಲ್ಲಿಗೆ ರೊಟ್ಟಿ ಅದಾವ್ರಿ. ಅನ್ನ ಅಂದ್ರ ಮೆತ್ತಗ ಇರ್ತದ."

"ಹಾಗಾದರೆ ಧಾರವಾಡದಲ್ಲೇ ಇರಬಹುದಿತ್ತು."

"ಕೆಲಸ ಇಲ್ಲಿ ಕೊಟ್ಟಾರಲ್ರಿ..." ಎಂದು ನಗುತ್ತ ಹೊಸಬ ಜನಾರ್ದನ ಇನ್ನೊಂದು ಸೌಟು ಅನ್ನಕ್ಕೆ ಎಲೆ ತೋರಿಸಿದ.

'ಬೆಂದಿಲ್ಲವಂತೆ... ಆದರೂ ಇನ್ನಷ್ಟು ಬೇಕಂತೆ. ಎಂಥ ಮನುಷ್ಯ ಇವನು?'

ಸಿಟ್ಟೇನೋ ಬಂತು. ಆದರೆ ಮರುದಿನ ಒಲೆಯ ಮೂಲೆಯಲ್ಲಿ ಒಂದು ಚಿಕ್ಕ ಪಾತ್ರೆ ಮೆತ್ತಗಿನ ಬೆಳ್ತಿಗೆ ಅನ್ನ ಬೇರೆಯಾಗಿ ಬೆಂದಿತ್ತು. ಅದನ್ನು ಯಾರು ಇಟ್ಟರೆಂದು ಅಮ್ಮ ಕೇಳಲಿಲ್ಲ. ತಾಯಂದಿರು ಕೆಲವನ್ನು ಕೇಳುವುದಿಲ್ಲ.

ಅದು ಸಾವಿರದ ಒಂಬೈನೂರ ಅರವತ್ತೇಳು. ತಿರುವನಂತಪುರ ಆಗ ಬಹಳ ನಿಧಾನದ ಊರು. ಪದ್ಮನಾಭಸ್ವಾಮಿಗೆ ಸಂಜೆಯ ದೀಪಾರಾಧನೆ ಆದರೆ ಬೀದಿ ಅರ್ಧ ಮಲಗಿದಂತೆ. ಓದಿದ ಹುಡುಗರಿಗೆ ಸರ್ಕಾರಿ ಗುಮಾಸ್ತಿಕೆ ಬಿಟ್ಟರೆ ಬೇರೆ ಕೆಲಸವಿಲ್ಲ. ಅದು ಸಿಗದವರು ಮದ್ರಾಸಿಗೋ ಬೊಂಬಾಯಿಗೋ ರೈಲು ಹತ್ತುತ್ತಿದ್ದರು.

ಅಂಥ ಊರಿಗೆ ಈಗ ಹೊರಗಿನಿಂದ ಹುಡುಗರು ಬರತೊಡಗಿದ್ದರು. ಹತ್ತಿರದ ತುಂಬಾ ಎಂಬ ಹಳ್ಳಿಯ ಕಡಲ ದಂಡೆಯಲ್ಲಿ ರಾಕೆಟ್ ಕೇಂದ್ರ ಬೆಳೆಯುತ್ತಿತ್ತು. ಅಲ್ಲಿ ಕೆಲಸಕ್ಕೆ ಸೇರಿದ ಕನ್ನಡದ ಬ್ರಹ್ಮಚಾರಿಗಳಿಗೆ ಕೋಟೆಯ ಬೀದಿಯ ಸುಮಿತ್ರಮ್ಮನ ಮೆಸ್ಸೇ ಮನೆ.

ಸುಮಿತ್ರಮ್ಮ ವೇದವತಿಯ ತಾಯಿ. ಉಡುಪಿ ಕಡೆಯವರು. ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದ ಗಂಡ ಇಲ್ಲಿಗೆ ವರ್ಗವಾಗಿ ಬಂದು, ಎರಡು ವರ್ಷ ತುಂಬುವುದರೊಳಗೆ ದೇವರ ಪಾದ ಸೇರಿದ್ದರು. ಮಂಗಳೂರಿನಲ್ಲಿ ಶಿಶುವಿಹಾರದ ತರಬೇತಿ ಮುಗಿಸಿದ್ದ ಮಗಳು ಪಾಠ ಹೇಳುವ ಆಸೆ ಬಿಟ್ಟು ತಾಯಿಯ ಜೊತೆ ಒಲೆಯ ಮುಂದೆ ನಿಂತಳು. ಮಲಯಾಳ ಬರೆಯಲು ಬಾರದವಳಿಗೆ ಇಲ್ಲಿ ಯಾರು ಶಾಲೆಯ ಕೆಲಸ ಕೊಡುತ್ತಾರೆ?

ಕೊಚ್ಚಿಯಿಂದ ಸುಬ್ರಾಯ ಮಾವ ಬಂದಾಗಲೆಲ್ಲ ಒಂದೇ ಮಾತು. ಸುಮಿತ್ರಮ್ಮನ ತಮ್ಮನಾದ ಅವರು ವಿಲ್ಲಿಂಗ್ಡನ್ ಐಲ್ಯಾಂಡಿನ ಬಂದರು ಕಚೇರಿಯಲ್ಲಿದ್ದರು.

"ಅಕ್ಕ, ಈ ಹೊಗೆ ಸಾಕು. ನಮ್ಮಲ್ಲಿಗೆ ಬಾ. ವೇದಳಿಗೂ ಒಂದು ಗಂಡು ನೋಡುವ."

"ಅವರು ಕೊನೆಗೆ ಕೈಮುಗಿದದ್ದು ಈ ಪದ್ಮನಾಭನಿಗೆ, ಸುಬ್ಬ. ದಿನಾ ಅವನ ಬಾಗಿಲಿಗೆ ಹೋಗದಿದ್ದರೆ ನನಗೆ ಅವರನ್ನು ಎರಡನೇ ಸಲ ಕಳೆದುಕೊಂಡ ಹಾಗೆ."

ವೇದವತಿಯೂ ಖಂಡಿತವಾಗಿ ಹೇಳಿದ್ದಳು. "ಅಮ್ಮನ ಹೊಟ್ಟೆಪಾಡು ಈ ಒಲೆಯ ಮೇಲೆ ಇರುವ ತನಕ ನನ್ನ ಮದುವೆಯ ಮಾತು ಎತ್ತಬೇಡಿ. ಅವಳೊಬ್ಬಳೇ ಇಷ್ಟು ಹಂಡೆ ಎತ್ತಬೇಕಾ?"

ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದವರಿಗೂ ಆ ಮಾತು ಕೇಳಿಸಿತ್ತು.

ವರ್ಷಗಳು ಉರುಳಿದವು. ಜನಾರ್ದನ ರಾಕೆಟ್ ಕೇಂದ್ರದ ಆಡಳಿತ ವಿಭಾಗದವನು. ಯಾರದು ಯಾವ ಊರು, ಯಾರಿಗೆ ಮದುವೆಗೆ ಬಂದ ತಂಗಿ ಇದ್ದಾಳೆ ಎಲ್ಲ ಬಲ್ಲ. ಮೊದಲು ಮೆಸ್ಸಿನಲ್ಲೇ ಉಣ್ಣುತ್ತಿದ್ದ ಮೋಹನನಿಗೆ ಶಿವಮೊಗ್ಗದ ಸರೋಜಳನ್ನು ಗೊತ್ತುಮಾಡಿದ. ಆಮೇಲೆ ರಾಮದಾಸನಿಗೆ. ಆಮೇಲೆ ಒಬ್ಬರ ಹಿಂದೆ ಒಬ್ಬರಿಗೆ...

ಮದುವೆಯಾದವನು ಬೇರೆ ಮನೆ ಹಿಡಿಯುತ್ತಿದ್ದ. ಮೆಸ್ಸಿನಲ್ಲಿ ಒಂದು ಎಲೆ ಕಡಿಮೆ. ಹೊಸಬ ಬಂದು ಆ ಜಾಗದಲ್ಲಿ ಕೂತರೆ ಜನಾರ್ದನ ಅವನ ಪಕ್ಕದಲ್ಲೇ ಎಲೆ ಹಾಕಿಸಿಕೊಂಡು, "ಮದುವಿ ವಿಚಾರ ಏನ್ ಮಾಡೀರಿ?" ಎಂದು ಶುರುಮಾಡುವನು.

"ನೀವು ಊಟಕ್ಕೆ ಬರ್ತೀರೋ, ನಮ್ಮ ಜನರನ್ನು ಹಾರಿಸಿಕೊಂಡು ಹೋಗ್ಲಿಕ್ಕೆ ಬರ್ತೀರೋ?" ಎಂದು ವೇದವತಿ ನಗುತ್ತಲೇ ಕೇಳಿದ್ದಳು.

"ಎರಡಕ್ಕೂರಿ," ಎಂದಿದ್ದ ಅವನು, ಮುಖ ತಗ್ಗಿಸಿಕೊಂಡು ಸಾರು ಕಲಸುತ್ತ.

ಆ ದಿನಗಳಲ್ಲಿ ಆ ನಗು ಅವಳಿಗೆ ಹಿತವಾಗಿತ್ತು. ಅವನು ಬರುವುದು ತಡವಾದರೆ ಕಣ್ಣು ಬಾಗಿಲಿಗೆ ಹೋಗುತ್ತಿತ್ತು. 'ಊರಿಗೆಲ್ಲ ಹೆಣ್ಣು ಹುಡುಕುವವನು ತನಗೆ ಮಾತ್ರ ಯಾಕೆ ಹುಡುಕುವುದಿಲ್ಲ?' ಎಂದು ಎಷ್ಟೋ ಸಲ ಅಂದುಕೊಂಡಳು. ಕೇಳಲಿಲ್ಲ.

ಎಪ್ಪತ್ತಮೂರರ ಹೊತ್ತಿಗೆ ಹೊಸ ಹುಡುಗರಿಗೆ ಕೇಂದ್ರದ ಹತ್ತಿರವೇ ಊಟ ವಸತಿ ಸಿಕ್ಕಿ, ಅವರು ಕೋಟೆಯ ಕಡೆ ಬರುವುದು ನಿಂತಿತು. ಮೆಸ್ಸಿನಲ್ಲಿ ಉಳಿದವರು ಇಬ್ಬರೇ. ಜನಾರ್ದನ, ಇನ್ನೊಬ್ಬ ನಿತ್ಯಾನಂದ.

ಒಂದು ಮಧ್ಯಾಹ್ನ ನಿತ್ಯಾನಂದನೂ ನಾಚುತ್ತ ಲಗ್ನಪತ್ರಿಕೆ ಕೊಟ್ಟ. "ಜನಾರ್ದನ ಅಣ್ಣನೇ ಮಾತುಕತೆ ಮುಗಿಸಿದ್ದು."

ವೇದವತಿಗೆ ನಗು ಬರಲಿಲ್ಲ. ನಿತ್ಯಾನಂದ ಹೋದ ಮೇಲೆ ಜನಾರ್ದನನ ಎದುರು ನಿಂತಳು.

"ನಿಮಗೆ ನಾವೆಂತ ದ್ರೋಹ ಮಾಡಿದ್ದೇವೆ?"

"ಯಾಕ್ರಿ?"

"ಇದ್ದ ಒಬ್ಬನನ್ನೂ ಕಳಿಸಿದಿರಲ್ಲ. ಮೆಸ್ ಮುಚ್ಚಿದರೆ ಅಮ್ಮ ಮಾವನ ಮನೆ ಸೇರಬೇಕು. ಅಪ್ಪ ಇದ್ದ ಊರು ಬಿಡಬೇಕು. ಗೊತ್ತುಂಟಾ ನಿಮಗೆ?"

ಅವನು ಕಲಸುತ್ತಿದ್ದ ಅನ್ನ ಬಿಟ್ಟು ತಲೆ ಎತ್ತಿದ.

"ಒಂದು ವಾರ ತಡೀರಿ, ವೇದವತಿಯವರೇ."

"ತಡೆದು ಎಂತ ಆಗ್ಲಿಕ್ಕುಂಟು? ನಾಳೆಯಿಂದ ನೀವೂ ಬರಬೇಡಿ. ಒಬ್ಬರಿಗಾಗಿ ಒಲೆ ಹಚ್ಚಲು ಆಗುವುದಿಲ್ಲ."

ಅವನು ಎದ್ದು ಕೈತೊಳೆದು ಹೋದ. ಎಲೆಯಲ್ಲಿ ಅನ್ನ ಹಾಗೇ ಉಳಿದಿತ್ತು. ಅದನ್ನು ತೆಗೆಯುವಾಗ ಅವಳ ಕಣ್ಣು ತುಂಬಿತು. ಸಿಟ್ಟಿಗೋ, ಬೇರೆ ಯಾವುದಕ್ಕೋ, ಅವಳಿಗೇ ತಿಳಿಯಲಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನದ ಮೇಲೆ ಅಮ್ಮ ಮಗಳನ್ನು ಕರೆದೊಯ್ಯಲು ಸುಬ್ರಾಯ ಮಾವ ಬಂದರು. ಸುಮಿತ್ರಮ್ಮ ದೇವರ ಮುಂದೆ ಕೂತಿದ್ದರು. ವೇದವತಿ ಪಾತ್ರೆಗಳನ್ನು ಗೋಣಿಯಲ್ಲಿ ಕಟ್ಟುತ್ತಿದ್ದಳು.

ಆಗ ಬಾಗಿಲಲ್ಲಿ ಗದ್ದಲ ಕೇಳಿಸಿತು.

ಮೋಹನನ ಹೆಂಡತಿ ಸರೋಜ ಮುಂದೆ. ಹಿಂದೆ ರಾಮದಾಸನ ಹೆಂಡತಿ, ಅವಳ ಹಿಂದೆ ಇನ್ನಷ್ಟು ಮಂದಿ. ಎಲ್ಲರ ಕೈಯಲ್ಲೂ ಸೊಂಟದಲ್ಲೂ ಮಕ್ಕಳು. ಮೆಸ್ಸಿನ ಪಡಸಾಲೆ ನೋಡನೋಡುತ್ತ ತುಂಬಿಹೋಯಿತು. ಒಂದು ಮಗು ಗೋಣಿಯೊಳಗೆ ಕೈಹಾಕಿ ಸೌಟು ಎಳೆಯಿತು. ಇನ್ನೊಂದು ಮಾವನ ಕನ್ನಡಕಕ್ಕೆ ಕೈಹಾಕಿತು.

"ಇದೆಂತದು? ಯಾರ ಮನೆಯ ನಾಮಕರಣ?" ಎಂದರು ಮಾವ.

"ವೇದಕ್ಕ, ಪಾತ್ರೆ ಬಿಚ್ಚಿ," ಎಂದಳು ಸರೋಜ. "ನಂಗೆ ಟೈಪಿಸ್ಟ್ ಕೆಲಸ ಸಿಕ್ಕಿದೆ. ಇವರಲ್ಲೂ ನಾಲ್ಕೈದು ಜನಕ್ಕೆ ಸಿಕ್ಕಿದೆ. ಮಕ್ಕಳನ್ನ ಯಾರ ಹತ್ರ ಬಿಡೋದು? ನಮ್ಮ ಕನ್ನಡ ಸಂಘದೋರು ಶಿಶುವಿಹಾರ ಶುರು ಮಾಡ್ತಿದಾರೆ. ನಿನ್ನೆ ಸಂಜೆ ಒಪ್ಪಿದ್ರು. ಈ ಪಡಸಾಲೇಲೇ. ನೀವು ಟೀಚರು, ಅಮ್ಮ ಮಧ್ಯಾಹ್ನ ಮಕ್ಕಳಿಗೆ ಊಟ ಹಾಕ್ಬೇಕು. ಇಬ್ಬರಿಗೂ ಸಂಬಳ."

"ವೆಳ್ಳಂ... ವೆಳ್ಳಂ," ಎಂದು ಅವಳ ಮಗ ಸೆರಗು ಜಗ್ಗಿ ನೀರು ಕೇಳಿದ.

"ನೋಡಿ, ನೀರು ಅನ್ನೋದಕ್ಕೂ ಮಲಯಾಳವೇ. ಇವನಿಗೆ ನೀವೇ ಕನ್ನಡ ಕಲಿಸ್ಬೇಕು."

ವೇದವತಿ ಗೋಣಿಯಿಂದ ಒಂದು ಲೋಟ ತೆಗೆದು ಅವನಿಗೆ ನೀರು ಕೊಟ್ಟಳು. "ಇದನ್ನೆಲ್ಲ... ಯಾರು ಮಾಡಿದ್ದು?"

"ಇನ್ಯಾರು? ಜನಾರ್ದನ ಅಣ್ಣ ಎರಡು ವರ್ಷದಿಂದ ಮನೆ ಮನೆ ತಿರುಗ್ತಿದಾರೆ. ಮಗು ಹುಟ್ಟಿದ ಮನೆಗೆ ಬೆಳ್ಳಿ ಬಟ್ಟಲು ತರೋರು ತರ್ತಾರೆ. ಇವರು ಬಂದು, ಇವನು ಯಾವಾಗ ನಡೀತಾನೆ ಅಂತ ಕೇಳ್ತಿದ್ರು."

ಸುಮಿತ್ರಮ್ಮ ಒಂದು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಬಹಳ ದಿನದ ಮೇಲೆ ಅವರ ಮುಖದಲ್ಲಿ ನಗು ಕಂಡಿತು.

"ಸುಬ್ಬ, ನೀನು ಉಂಡು ಕೊಚ್ಚಿಗೆ ಹೊರಡು. ವೇದಾ, ದೀಪಾರಾಧನೆಯ ಹೊತ್ತಾಯಿತು. ದೇವಸ್ಥಾನಕ್ಕೆ ಹೋಗಿ ಬಾ. ಆ ಹುಡುಗ ಈಗ ಅಲ್ಲೇ ಇರ್ತಾನೆ."

ಪದ್ಮತೀರ್ಥ ಕೆರೆಯ ಮೆಟ್ಟಿಲ ಮೇಲೆ ಜನಾರ್ದನ ಕೂತಿದ್ದ. ಮುಖ ಬಾಡಿತ್ತು.

"ಊಟ?" ಎಂದಳು.

"ಬಾಳೆಹಣ್ಣಿನ ಮ್ಯಾಲ ನಡದದ್ರಿ."

"ಅವತ್ತೇ ಹೇಳಬಹುದಿತ್ತಲ್ಲ. ನಾನು ಅಷ್ಟು ಮಾತಾಡಿಬಿಟ್ಟೆ..."

"ಸಂಘದವರು ಇನ್ನೂ ಒಪ್ಪಿದ್ದಿಲ್ಲ. ನಿಮಗ ಸುಳ್ಳು ಆಸೆ ತೋರಸ್ಲಿಕ್ಕೆ ಮನಸ್ಸಾಗಲಿಲ್ಲ."

ಅವಳು ಎರಡು ಮೆಟ್ಟಿಲು ಬಿಟ್ಟು ಕೂತಳು.

"ಅಷ್ಟು ಜನರ ಮದುವೆ ಯಾಕೆ ಮಾಡಿಸಿದಿರಿ? ನಿಜ ಹೇಳಿ."

"ಮೊದಲಿನ ಎರಡು ಅವರ ಸಲುವಾಗಿ. ಮೋಹನನ ಮನಿಯಾಗ ತೊಟ್ಟಿಲಾ ತೂಗೂದು ನೋಡಿದೆ. ಇಂಥಾ ಮಕ್ಕಳು ಒಂದು ಪಡಸಾಲಿ ತುಂಬ ಆದ್ರ ನಿಮಗ ನಿಮ್ಮ ಕೆಲಸ ಹುಟ್ಟತದ, ಅಮ್ಮಾರು ಹಂಡೆ ಎತ್ತೂದು ತಪ್ಪತದ ಅನಿಸ್ತು. ಮುಂದಿನವೆಲ್ಲಾ ನನ್ನ ಸಲುವಾಗಿರಿ."

"ನಿಮ್ಮ ಸಲುವಾಗಿಯಾ?"

"ಅಮ್ಮನ ಹೊಟ್ಟೆಪಾಡು ಒಲಿ ಮ್ಯಾಲ ಇರೋತನಕ ಮದುವಿ ಮಾತು ಎತ್ತಬ್ಯಾಡ್ರಿ ಅಂದಿದ್ರಲ್ಲ? ನಾ ಎತ್ತಲಿಲ್ಲ."

ದೇವಸ್ಥಾನದ ಗಂಟೆ ಮೊಳಗಿತು. ಇಬ್ಬರೂ ಎದ್ದು ಕೈಮುಗಿದರು. 'ಅಪ್ಪ... ಇವನನ್ನು ನೋಡಿದಿರಾ?' ಎಂದು ಅವಳು ಮನಸ್ಸಿನಲ್ಲೇ ಕೇಳಿದಳು. ಗಂಟೆ ನಿಂತ ಮೇಲೂ ಸ್ವಲ್ಪ ಹೊತ್ತು ಕಣ್ಣು ತೆರೆಯಲಿಲ್ಲ.

"ನನಗೆ ಇಪ್ಪತ್ತಾರು ದಾಟಿತು," ಎಂದಳು ಆಮೇಲೆ.

"ನನಗ ಮೂವತ್ತೆರಡು. ಆ ಮಕ್ಕಳಿಗೆ ನಡಿಯೂದು ಕಲೀಲಿಕ್ಕೆ ಅವಸರನಽ ಇದ್ದಿಲ್ಲ, ಏನ್ ಮಾಡ್ಲಿ?"

ವೇದವತಿ ನಕ್ಕಳು. ಕಣ್ಣಿನ ನೀರು ಒರೆಸಿಕೊಳ್ಳುತ್ತಲೇ ನಕ್ಕಳು.

"ಏಳಿ, ಊಟಕ್ಕೆ ಹೋಗುವ."

"ಮೆಸ್ ಮುಚ್ಚೇದಲ್ರಿ?"

"ಮೆಸ್ ಮುಚ್ಚಿತು. ನಾನು ಕರೆದದ್ದು ಮನೆಗೆ."