ಬೆವರಿದ ಓತಿ

ಕೊಟ್ಟಾರದ ಎವ್ಲಿನ್ ಆಂಟಿಯ ಮನೆಯಂಗಳದಲ್ಲಿ ಲಿಡಿಯಾ ಕ್ಯಾಮರಾ ಕೆಳಗಿಳಿಸಿದಳು. ತೆಂಗಿನ ಮರ ಬರಿದಾಗಿತ್ತು.

“ಆಂಟಿ, ಓತಿ ಇಲ್ಲ. ಯಾರೋ ಹಿಡಿದಿದ್ದಾರೆ.”

ಹಾರುವ ಓತಿಗಳ ಅಧ್ಯಯನ ಅವಳ ಕೆಲಸ. ಈ ಹೆಣ್ಣು ಓತಿಯ ಹೊಟ್ಟೆ ತುಂಬ ಮೊಟ್ಟೆ. ಇಂದೋ ನಾಳೆಯೋ ನೆಲಕ್ಕಿಳಿದು ಇಡಬೇಕು. ಆ ಚಿತ್ರಕ್ಕಾಗಿ ಬೇಸಗೆಯಿಡೀ ಕಾದಿದ್ದಳು.

ಎವ್ಲಿನ್ ಆಂಟಿ ಜಪಸರವನ್ನು ಕಿಸೆಗೆ ಹಾಕಿ ಎದ್ದರು. ಫಳ್ನೀರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ನಿವೃತ್ತರಾದರೂ ವಾರ್ಡಿನ ಗತ್ತು ಹೋಗಿರಲಿಲ್ಲ.

ಮರಕ್ಕೆ ಒಂದು ದೋಟಿ ಒರಗಿತ್ತು. ತುದಿಯಲ್ಲಿ ಓತಿ ಹಿಡಿಯಲು ಕಟ್ಟಿದ ನೈಲಾನ್ ದಾರದ ಕುಣಿಕೆ.

“ಮಾವು ಕೊಯ್ಯುವ ದೋಟಿ. ಚಿತ್ತರಂಜನರದ್ದು,” ಎಂದರು.

*

ಪಕ್ಕದ ಮನೆಯ ಚಿತ್ತರಂಜನ ಶೆಟ್ಟರು ಪೇಪರಿನಿಂದ ತಲೆ ಎತ್ತಲಿಲ್ಲ.

“ಓತಿ ನನಗೆಂತಕ್ಕೆ, ಎವ್ಲಿನ್ ಬಾಯಿ? ಗೋಡೆಯ ಹಲ್ಲಿ ಕಂಡರೇ ನಾನು ಮಂಚ ಹತ್ತುವುದು.”

“ಸುಳ್ಳಲ್ಲ,” ಒಳಗಿನಿಂದ ಹೆಂಡತಿ ಗುಣವತಿ ಹೇಳಿದರು. “ಮಂಚದಿಂದ ಇಳಿಸಲಿಕ್ಕೆ ನಾನೇ ಹೋಗಬೇಕು.”

“ಮತ್ತೆ ದೋಟಿ?” ಎಂದರು ಎವ್ಲಿನ್.

“ಮೊನ್ನೆ ಇರ್ವಿನ್ ಕೇಳಿ ತಕೊಂಡು ಹೋದ,” ಎಂದರು ಶೆಟ್ಟರು.

*

ಎದುರುಮನೆಯ ಇರ್ವಿನ್ ಬಹುಮಾನ ಗೆದ್ದ ಫೋಟೋಗ್ರಾಫರ್.

“ಮಾವು ಕೊಯ್ದು ದೋಟಿ ಹೊರಗೇ ಬಿಟ್ಟಿದ್ದೆ. ಯಾರೋ ತಕೊಂಡಿರಬೇಕು,” ಎಂದು ಫೋನ್ ತೋರಿಸಿದ. “ನಾನು ಫೋಟೋ ತೆಗೆದ ಓತಿ ಬೇರೆ, ಘಟ್ಟದ್ದು. ನಿನ್ನೆ ಬೆಳಗ್ಗಿನ ಇಬ್ಬನಿ ನೋಡಿ ಆಂಟಿ.”

ಹಸಿರು ಎಲೆಯ ಮೇಲೆ ಓತಿ ಕಲ್ಲಿನಂತೆ ಕೂತಿತ್ತು. ಮೈತುಂಬ ಹನಿ.

“ಚಂದ ಉಂಟು. ಸ್ವಲ್ಪ ತಣ್ಣೀರು ಉಂಟಾ?”

“ಕೂತ್ಕೊಳ್ಳಿ, ತರ್ತೇನೆ.”

“ಬೇಡ. ನಾನೇ ತಕೊಳ್ತೇನೆ.”

ಅವನು ಏಳುವಷ್ಟರಲ್ಲಿ ಎವ್ಲಿನ್ ಫ್ರಿಜ್ಜಿನ ಬಾಗಿಲು ತೆರೆದಿದ್ದರು. ಇಡ್ಲಿ ಹಿಟ್ಟಿನ ಹಿಂದೆ ಒಂದು ಡಬ್ಬಿ. ಮುಚ್ಚಳದಲ್ಲಿ ತೂತುಗಳು. ಒಳಗೆ ಓತಿ.

ಇರ್ವಿನ್‌ನ ಹೆಂಡತಿ ರೇಚಲ್ ಬಗ್ಗಿ ನೋಡಿದಳು. “ಹೊಸ ಉಪ್ಪಿನಕಾಯಿ, ಮುಟ್ಟಬೇಡ ಅಂದದ್ದು ಇದನ್ನಾ?”

“ಇಬ್ಬನಿಯಾದರೆ ಎಲೆಯೂ ಒದ್ದೆ ಆಗಬೇಕಿತ್ತು,” ಎಂದರು ಎವ್ಲಿನ್. “ನಿನ್ನ ಫೋಟೋದಲ್ಲಿ ಎಲೆಯ ಮೇಲೆ ಹನಿಯೇ ಇಲ್ಲ. ಓತಿ ಮಾತ್ರ ಬೆವರಿದೆ. ಈ ಸೆಕೆಗೆ ಫ್ರಿಜ್ಜಿನಿಂದ ತೆಗೆದದ್ದೆಲ್ಲ ಹಾಗೇ ಬೆವರುವುದು. ಅಲುಗಾಡದೆ ಕೂರಲಿ ಅಂತ ತಣ್ಣಗೆ ಮಾಡಿದ್ದಿ, ಅಲ್ಲವಾ?”

ಇರ್ವಿನ್ ನೆಲ ನೋಡಿದ. “ಇನ್ನೊಂದೇ ಫೋಟೋ ಆಂಟಿ. ಆಮೇಲೆ ಬಿಡ್ತಿದ್ದೆ.”

ಜೊತೆಗೆ ಬಂದಿದ್ದ ಲಿಡಿಯಾ ಡಬ್ಬಿಯನ್ನು ಅಂಗೈಯಲ್ಲಿ ಹಿಡಿದು ಕಾದಳು. ಬಹಳ ಹೊತ್ತಿನ ಮೇಲೆ ಓತಿಯ ಪಕ್ಕೆ ಉಸಿರಿಗೆ ಮೆಲ್ಲಗೆ ಉಬ್ಬಿತು.

*

ಮರುದಿನ ಬಿಸಿಲೇರಿದಾಗ, ಮರಕ್ಕೆ ಬಿಟ್ಟಿದ್ದ ಓತಿ ಕೆಳಗಿಳಿದು ಮೊಟ್ಟೆಯಿಡಲು ಮೂತಿಯಿಂದ ಮಣ್ಣು ಕುತ್ತತೊಡಗಿತು. ಲಿಡಿಯಾ ಬೋರಲು ಮಲಗಿ ಚಿತ್ರ ತೆಗೆದಳು.

ಹಿಂದೆ ನಿಂತಿದ್ದ ಇರ್ವಿನ್‌ನ ಕೈ ಕ್ಯಾಮರಾದ ಚೀಲದತ್ತ ಜಾರಿತು. ಎವ್ಲಿನ್ ಆ ಚೀಲ ತೆಗೆದು ತಮ್ಮ ಹೆಗಲಿಗೆ ಹಾಕಿಕೊಂಡರು.

“ದೇವರು ಕಣ್ಣು ಕೊಟ್ಟಿದ್ದಾನಲ್ಲ ಮಾರಾಯ. ಅದರಲ್ಲಿ ನೋಡು.”