ಶನಿವಾರದ ಗಿಟಾರು

"ಇದರ ಮೇಲೆ ಎಂತ ಗೀಚಿದ್ದು? ಹಳೇ ಮಾಲಾ?"

ನಾಗಪತಿ ತಲೆ ಎತ್ತಿದ. ಅಂಗಡಿಯ ಗೋಡೆಗೆ ತೂಗುಹಾಕಿದ ಗಿಟಾರುಗಳ ಮುಂದೆ ಒಬ್ಬಳು ಕತ್ತೆತ್ತಿ ನಿಂತಿದ್ದಳು. ಮಡಚಿದ ಕೊಡೆಯಿಂದ ನೀರು ಇಳಿದು ಅವಳ ಚಪ್ಪಲಿಯ ಸುತ್ತ ಒಂದು ಸಣ್ಣ ಕೊಳ ಮಾಡುತ್ತಿತ್ತು.

"ಗೀಚಿದ್ದಲ್ಲ, ಸಹಿ. ಒಬ್ಬ ದೊಡ್ಡ ಕಲಾವಿದನದ್ದು. ಅವನ ಹೆಸರಿನಲ್ಲೇ ಬಂದ ಮಾಡೆಲ್."

"ಅವನೇ ಕೂತು ಹಾಕಿದ್ನಾ?"

"ಇಲ್ಲ, ಫ್ಯಾಕ್ಟರಿಯಲ್ಲಿ ಅಚ್ಚು ಒತ್ತುತ್ತಾರೆ."

"ಪಕ್ಕದ್ದು?"

"ಅದೂ ಅದೇ ಕಂಪನಿ. ಸಹಿ ಇಲ್ಲ."

ಅವಳು ಎರಡೂ ಬೆಲೆಚೀಟಿ ತಿರುಗಿಸಿ ನೋಡಿದಳು. "ಅಯ್ಯಬ್ಬಾ! ಒಂದು ಸಹಿಗೆ ಇನ್ನೊಂದು ಗಿಟಾರಿನ ದುಡ್ಡಾ? ನಾನೂ ಶಾಲೆಯಲ್ಲಿ ದಿನಾ ಮಕ್ಕಳ ಪಟ್ಟಿ ತಿದ್ದಿ ಸಹಿ ಹಾಕ್ತೆ. ಒಬ್ಬರೂ ಒಂದು ಚಾ ಕೊಡುದಿಲ್ಲ."

ನಾಗಪತಿಗೆ ನಗು ಬರುವುದು ಯಾವಾಗಲೂ ಸ್ವಲ್ಪ ತಡ. ಅದು ತುಟಿಗೆ ಬರುವಷ್ಟರಲ್ಲಿ ಅವಳು ಮುಂದಿನ ಪ್ರಶ್ನೆಗೆ ಹೋಗಿದ್ದಳು.

"ನಿಜ ಹೇಳಿ. ಇಷ್ಟು ಕೊಡುವಂಥದ್ದು ಎಂತಾದ್ರೂ ಉಂಟಾ ಇದ್ರಲ್ಲಿ?"

ಸುಲಭದ ಪ್ರಶ್ನೆ. ಉತ್ತರ ಅವನಿಗೆ ಬಾಯಿಪಾಠವಾಗಿತ್ತು. ಆದರೆ ಆ ಹೊತ್ತಿಗೆ ಹೊರಗೆ ಮಳೆ ಹೊಳವಾಗಿ, ಕುಮಟೆಯ ಪೇಟೆಯ ಮೇಲೆ ತೊಳೆದ ಬಿಸಿಲು ಬಿದ್ದಿತ್ತು. ಅದರ ಒಂದು ಚೂರು ಒಳಗೆ ಬಂದು ಅವಳ ಕೆನ್ನೆಗಂಟಿದ ಒದ್ದೆ ಕೂದಲಲ್ಲಿ ಸಿಕ್ಕಿಕೊಂಡಿತ್ತು. ಉತ್ತರ ಕೊಟ್ಟರೆ ಇವಳು ಯಾವುದೋ ಒಂದನ್ನು ಕೊಂಡು ಹೋಗುತ್ತಾಳೆ. ಅಲ್ಲಿಗೆ ಮುಗಿಯಿತು.

"ನುಡಿಸದೆ ಹೇಗೆ ಹೇಳುವುದು? ಇನ್ನೊಂದು ದಿನ ಬನ್ನಿ, ನುಡಿಸಿ ನೋಡಿ."

"ಶನಿವಾರ ಅರ್ಧ ದಿನ ಶಾಲೆ. ಬರ್ತೆ. ಆತಾ?"

"ಆತು."

ಅವಳ ಹೆಸರು ನೇತ್ರಾ. ಊರು ಕಾಗಾಲ. ಕಾಲೇಜಿನ ಹಾಸ್ಟೆಲಿನಲ್ಲಿ ಗೆಳತಿಯೊಬ್ಬಳ ಗಿಟಾರು ಹಿಡಿದು ಕಲಿತವಳು. ಗದ್ದೆ ನಟ್ಟಿಯ ಹೊತ್ತಿಗೆ ಅಜ್ಜಿ ಹೇಳುವ ಹಾಡುಗಳನ್ನು ತನ್ನ ಶಾಲೆಯ ಮಕ್ಕಳಿಗೆ ಕಲಿಸಬೇಕು, ಅದಕ್ಕೊಂದು ಗಿಟಾರು ಬೇಕು. ಇದನ್ನೆಲ್ಲ ಅವಳು ಒಂದೇ ಸಲ ಹೇಳಲಿಲ್ಲ. ಒಂದೊಂದು ಶನಿವಾರ ಒಂದೊಂದು ಹೇಳಿದಳು. ನಾಗಪತಿ ಉಳಿದ ದಿನಗಳಲ್ಲಿ ಅವನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದ. ಹೊನ್ನಾವರದಾಚೆಯ ತನ್ನೂರಿನಿಂದ ಬೆಳಗಿನ ಬಸ್ಸು ಹಿಡಿದು ಬರುವಾಗ ಶರಾವತಿಯ ಸೇತುವೆಯ ಮೇಲೆ ಕಿಟಕಿಯಾಚೆ ನೀರೂ ಮಂಜೂ ಒಂದಾಗಿರುತ್ತಿದ್ದವು. ಅಲ್ಲಿ ಅವಳ ದನಿ ಸ್ಪಷ್ಟವಾಗಿ ಕೇಳುತ್ತಿತ್ತು.

ಅವನು ಎಂ.ಎ. ಮುಗಿಸಿದವನು. ರಮಾನಂದ ಮಾಮನ ಅಂಗಡಿಯಲ್ಲಿ ಹಾರ್ಮೋನಿಯಂ, ತಬಲಾ, ಗಿಟಾರುಗಳ ನಡುವೆ ಕೂತಿರುವುದು ಅವನಿಗೆ ಒಗ್ಗಿತ್ತು. ನುಡಿಯಬಲ್ಲ ಅಷ್ಟೊಂದು ವಸ್ತುಗಳು ಸುಮ್ಮನಿರುವ ಜಾಗ ಅದು. ಉಪ್ಪುಗಾಳಿಗೆ ತಂತಿ ತುಕ್ಕು ಹಿಡಿಯದಂತೆ ಬಟ್ಟೆಯಿಂದ ಒರೆಸುವುದು ಅವನ ದಿನದ ಕೆಲಸ. ಸಹಿಯ ಗಿಟಾರನ್ನು ಮಾತ್ರ ಶುಕ್ರವಾರ ಸಂಜೆ ಇನ್ನೊಂದು ಸಲ ಒರೆಸುತ್ತಿದ್ದ.

"ಶುಕ್ರವಾರ ಅದಕ್ಕೆ ಎಣ್ಣೆಸ್ನಾನ ಆತನಾ?" ಎಂದು ಮಾಮ ಕನ್ನಡಕದ ಮೇಲಿಂದ ಕೇಳುತ್ತಿದ್ದರು. "ಮದುವೆಗೆ ಇಟ್ಟ ಕೂಸಿಗೆ ಮಾಡಿದ ಹಾಂಗೆ ಮಾಡ್ತೆಯಲ್ಲ, ಮಾರಾಯ."

ಶನಿವಾರ ಮಧ್ಯಾಹ್ನ ಅವಳು ಬರುತ್ತಿದ್ದಳು. ಸ್ಟೂಲಿನ ಮೇಲೆ ಕೂತು, ಜಡೆಯನ್ನು ಹಿಂದಕ್ಕೆ ಎಸೆದು, ಗಿಟಾರನ್ನು ಮಡಿಲಿಗೆ ತೆಗೆದುಕೊಳ್ಳುತ್ತಿದ್ದಳು. ನುಡಿಸುವಾಗ ಅವಳ ಕೆಳತುಟಿ ಹಲ್ಲಿನಡಿ ಹೋಗುತ್ತಿತ್ತು. ಸ್ವರ ತಪ್ಪಿದರೆ ಒಂದು ಹುಬ್ಬು ಮಾತ್ರ ಮೇಲೇರುತ್ತಿತ್ತು, ತಪ್ಪಿದ್ದು ಬೇರೆ ಯಾರೋ ಎನ್ನುವ ಹಾಗೆ. ನಾಗಪತಿ ರಸೀದಿ ಪುಸ್ತಕ ನೋಡುವ ನೆಪದಲ್ಲಿ ಆ ಹುಬ್ಬಿಗೆ ಕಾಯುತ್ತಿದ್ದ.

"ನೀವು ಮಾತೇ ಆಡುದಿಲ್ಲ ಅಲ್ದಾ?" ಎಂದಳು ಒಮ್ಮೆ. "ನಮ್ಮ ಕ್ಲಾಸಿನಲ್ಲಿ ಇದ್ದಿದ್ರೆ ಮುಂದಿನ ಬೆಂಚಿಗೆ ಕೂರಿಸ್ತಿದ್ದೆ."

"ಮಾತಾಡದವರನ್ನು ಹಿಂದೆ ಅಲ್ಲವಾ ಕೂರಿಸುವುದು?"

"ಮುಂದೆ. ಕಣ್ಣಳತೆಯಲ್ಲಿ ಇರ್ಲಿ ಅಂತ."

ಅವನು ತಟ್ಟನೆ ರಸೀದಿ ಪುಸ್ತಕಕ್ಕೆ ಬಗ್ಗಿದ. ಅಕ್ಷರಗಳು ಈಜುತ್ತಿದ್ದವು.

"ಹೇಳಿ ಹಂಗಾರೆ, ಯಾವುದು ತಕಣ್ಲಿ?"

"ಇನ್ನೊಂದು ವಾರ ನೋಡಿ."

ಒಂದು ಶನಿವಾರ ನುಡಿಸುತ್ತ ಅವಳು ನಡುವೆ ನಿಲ್ಲಿಸಿ ಎಡಗೈ ಕೊಡವಿದಳು. ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದು ಮೆಲ್ಲಗೆ ತಿರುವಿದಳು. ನಾಗಪತಿ ನೋಡಿದ. ಸಹಿಯ ಗಿಟಾರಿನ ಕತ್ತು ಅಗಲ. ಉದ್ದ ಬೆರಳಿನ ಒಬ್ಬ ಮನುಷ್ಯನ ಕೈ ಅಳೆದು ಮಾಡಿದ್ದು. ಅವಳ ಸಣ್ಣ ಅಂಗೈ ಅದನ್ನು ಸುತ್ತುವರಿಯಲು ಪ್ರತಿ ಸಲವೂ ಮುರಿದಂತೆ ಬಾಗುತ್ತಿತ್ತು. ಪಕ್ಕದ್ದು ಅವಳ ಕೈಗೆ ಹೇಳಿ ಮಾಡಿಸಿದಂತಿತ್ತು. ಒಂದು ಮಾತು ಸಾಕಿತ್ತು.

ಅವನು ಫ್ಯಾನು ಜೋರು ಮಾಡಿ ಬಂದು ಕೂತ.

ಮುಂದಿನ ಶನಿವಾರ ಅವಳು ಬರುವ ಮೊದಲೇ ಬೆಳಕೆ ಊರಿನ ಮೋಹನ ಬಂದ. ಮಸ್ಕತ್ತಿನ ಹೋಟೆಲೊಂದರಲ್ಲಿ ಕೆಲಸ, ರಜೆಗೆ ಊರಿಗೆ ಬಂದವನು. ಎತ್ತರದ ಆಳು. ನೇರವಾಗಿ ಸಹಿಯ ಗಿಟಾರಿಗೆ ಕೈ ಹಾಕಿ, "ಇದನ್ನು ಪ್ಯಾಕ್ ಮಾಡಿ" ಎಂದ.

ನಾಗಪತಿ ಎದ್ದು ನಿಂತ. ಅದು ಹೋದರೆ ಶನಿವಾರವೂ ಹೋಯಿತು. ವರ್ಷವಿಡೀ ಆಡದ ಮಾತು ಅವನ ಬಾಯಿಂದ ಒಮ್ಮೆಗೇ ಬಂತು.

"ಸಹಿಗೆ ದುಡ್ಡು ಹಾಕಬೇಡಿ. ಎರಡೂ ಒಂದೇ ಮರ, ಒಂದೇ ಫ್ಯಾಕ್ಟರಿ. ಹೆಚ್ಚಿನ ದುಡ್ಡಿನಲ್ಲಿ ಒಂದು ಪಾಲು ಆ ಹೆಸರಿಗೇ ಹೋಗ್ತದೆ. ಕತ್ತು ಮಾತ್ರ ಬೇರೆ, ಅದು ಅವನ ಕೈಗೆ ಅಂತ ಮಾಡಿದ್ದು. ನಿಮ್ಮ ಕೈ ಅವನ ಕೈಯಂತೆ ಇದ್ದರೆ ಸರಿ. ಸಣ್ಣ ಕೈಯವರು ನುಡಿಸಿದರೆ ಮಣಿಕಟ್ಟು ನೋಯ್ತದೆ. ಪಕ್ಕದ್ದು ತಗೊಳ್ಳಿ."

ಮೋಹನ ನಕ್ಕು ತನ್ನ ಉದ್ದ ಬೆರಳುಗಳನ್ನು ಕತ್ತಿನ ಸುತ್ತ ಇಟ್ಟು ತೋರಿಸಿದ. ಸಲೀಸಾಗಿ ಕೂತವು. "ನೀವು ಹೇಳಿದ್ದು ಹೌದು. ಆದ್ರೆ ರೂಮಿನಲ್ಲಿ ಒಬ್ನೇ ಇದ್ದಾಗ ಈ ಸಹಿಯವನ ಹಾಡು ಕೇಳ್ಕಂಡೇ ನಾ ದಿನ ಕಳದದ್ದು. ಆ ಹೆಸರು ಮನೇಲಿ ಇರ್ಲಿ. ನಂಗೆ ಅದು ದುಬಾರಿ ಅಲ್ಲ."

ನಾಗಪತಿ ಗಿಟಾರನ್ನು ಚೀಲಕ್ಕೆ ಹಾಕಿ ಕೊಟ್ಟ. ತಿರುಗಿದರೆ ಬಾಗಿಲಲ್ಲಿ ನೇತ್ರಾ ನಿಂತಿದ್ದಳು. ಕೊಡೆ ಇನ್ನೂ ಬಿಚ್ಚಿಯೇ ಇತ್ತು.

"ಅವರಿಗೆ ಒಂದೇ ನಿಮಿಷಕ್ಕೆ ಹೇಳಿದ್ರಿ," ಎಂದಳು. ದನಿ ಮೆತ್ತಗಿತ್ತು. "ನಾ ಮಳೆಗಾಲ ಹಿಡಿದಾಗಿಂದ ಕೇಳ್ತಾ ಇದ್ದೆ. ನನ್ನ ಕೈ ನೋಯುದು ಕಂಡೂ ಸುಮ್ನಿದ್ರಿ. ತುಟ್ಟಿಯದ್ದು ದಾಟಿಸುಕೆ ಸಿಕ್ಕ ಗಿರಾಕಿ ಅಂದ್ಕಂಡ್ರಿ, ಅಲ್ದಾ?"

ಅಲ್ಲ ಎನ್ನಬೇಕಿತ್ತು. ಕೊಡೆ ರಸ್ತೆಯ ತಿರುವಿನಲ್ಲಿ ಮರೆಯಾಯಿತು.

ಅವಳಿಲ್ಲದ ಶನಿವಾರ ಬಂತು, ಹೋಯಿತು. ಗೋಡೆಯಲ್ಲಿ ಸಹಿಯ ಗಿಟಾರಿದ್ದ ಜಾಗ ಬೆಳ್ಳಗೆ ಕಾಣುತ್ತಿತ್ತು. ನಾಗಪತಿಗೆ ಮೊದಲ ಸಲ ತನ್ನ ಮೌನ ಅಸಹ್ಯವೆನಿಸಿತು.

ರಮಾನಂದ ಮಾಮ ಉಳಿದ ಗಿಟಾರನ್ನು ಚೀಲಕ್ಕೆ ಹಾಕಿ ಅವನ ಮುಂದಿಟ್ಟರು. "ಕಾಗಾಲ ಎಂತ ಕಾಶಿಯಾ? ನಾಳೆ ಹೋಗಿ ಬಾ. ಅವಳು ನುಡಿಸಿ ನೋಡ್ಲಿ. ಬ್ಯಾಡ ಅಂದ್ರೆ ಗಿಟಾರು ಹೊತ್ಕಂಡು ಬಾ. ಮೋರೆ ಮಾತ್ರ ಹಿಂಗೇ ತರಬ್ಯಾಡ."

ಭಾನುವಾರ ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಅಘನಾಶಿನಿಯ ಕಡೆಯಿಂದ ಬರುವ ಗಾಳಿಗೆ ಗದ್ದೆಗಳ ನೀರು ನಡುಗುತ್ತಿತ್ತು, ಅದರೊಳಗಿನ ಆಕಾಶವೂ ನಡುಗುತ್ತಿತ್ತು. ಬಸ್ಸಿಳಿದವನು ಅವಳ ಮನೆ ಕೇಳಿಕೊಂಡು ಗದ್ದೆಯ ಅಂಚಿನ ಮೇಲೆ ನಡೆದ. ಹೆಂಗಸರು ಸಾಲಾಗಿ ಬಾಗಿ ಸಸಿ ನೆಡುತ್ತಿದ್ದರು. ಸಾಲಿನ ಕೊನೆಯಲ್ಲಿ, ಸೊಂಟಕ್ಕೆ ಸೆರಗು ಬಿಗಿದು, ಕೆಸರುಗೈಯ ನೇತ್ರಾ. ನೋಡಿದಳು. ನೋಡದವಳಂತೆ ಮತ್ತೆ ಬಾಗಿದಳು.

ಸಾಲಿನ ನಡುವಿಂದ ಒಂದು ಮುದಿದನಿ ಎದ್ದಿತು:

"ಅಂಚಿನ ಮೇಲೆ ಬಂದವ ಯಾರೋ,
ಬೆನ್ನಿನ ಮೇಲೆ ಹೊತ್ತದ್ದು ಎಂತೋ..."

ಉಳಿದವರು ದನಿಗೂಡಿಸಿದರು.

"ನಾನು ನಾಗಪತಿ ಅಂತ. ಕುಮಟೆಯಿಂದ ಬಂದೆ," ಎಂದ ಅವನು ವಿನಯದಿಂದ.

ಗದ್ದೆಗೆ ಗದ್ದೆಯೇ ನಕ್ಕಿತು. ಹಾಡು ಮತ್ತೆ ಮೊದಲಿನಿಂದ ಶುರುವಾಯಿತು. ಅವನು ಇನ್ನೊಂದು ಹೆಜ್ಜೆ ಇಟ್ಟರೆ ಇಬ್ಬರು ಸಸಿಯ ಕಟ್ಟು ಹಿಡಿದು ಅಂಚಿಗೆ ಅಡ್ಡ ನಿಂತರು.

"ತಮಾ," ಎಂದಳು ಆ ಮುದುಕಿ, ನೇತ್ರಾಳ ಅಜ್ಜಿ ಸುಕ್ರಿ. "ನಟ್ಟಿ ಗದ್ದೇಲಿ ಪದ ಹಾಕಿ ಕೇಳಿದ್ದಕ್ಕೆ ಪದದಾಗೇ ಹೇಳೂಕು. ಬಾಯಿಮಾತು ನಡೂದಿಲ್ಲ. ಹೇಳೂ ತಂಕ ದಾರಿ ಇಲ್ಲ."

"ನನಗೆ ಹಾಡಲು ಬರುವುದಿಲ್ಲ, ಅಜ್ಜಿ."

"ಅವ್ರಿಗೆ ಮಾತೂ ಬರುದಿಲ್ಲ, ಅಜ್ಜಿ," ಎಂದಳು ನೇತ್ರಾ, ನೆಲಕ್ಕೆ ಹೇಳಿದಂತೆ. "ಗಿರಾಕಿ ಗಂಡಸಾದ್ರೆ ಮಾತ್ರ ಬರ್ತದೆ."

ಮತ್ತೆ ನಗು. ತಿರುಗಿ ಹೋಗಲು ಹಿಂದಿನ ದಾರಿ ತೆರೆದೇ ಇತ್ತು. ಅವನು ಕಣ್ಣು ಮುಚ್ಚಿ, ಅಜ್ಜಿಯದೇ ಧಾಟಿಯಲ್ಲಿ, ಒಡೆದ ದನಿಯಲ್ಲಿ ತೆಗೆದ:

"ಅಂಚಿನ ಮೇಲೆ ಬಂದವ ಮೂಗ,
ಬೆನ್ನಿನ ಮೇಲೆ ಹೊತ್ತದ್ದು ತಪ್ಪು..."

ನಗು ನಿಂತಿತು. ಸುಕ್ರಿ ಸಸಿ ನೆಡುವುದನ್ನು ಬಿಟ್ಟು ನೆಟ್ಟಗಾಗಿ ಮತ್ತೆ ಪದ ಹಾಕಿದಳು:

"ಮೂಗನ ಬಾಯಿ ಕಟ್ಟಿದ್ದು ಯಾರೋ,
ಕಟ್ಟಿದ ಗಂಟಿನೊಳಗೆ ಎಂತೋ..."

ನೀರಿನ ಮೇಲೆ ಒಂದು ಬೆಳ್ಳಕ್ಕಿ ಹಾರಿಹೋಯಿತು. ನಾಗಪತಿ ಕಣ್ಣು ತೆರೆದು ನೇತ್ರಾಳನ್ನು ನೋಡಿದ. ಆಮೇಲೆ ಹಾಡಿದ:

"ಹೇಳಿದ್ರೆ ಮತ್ತೆ ಬರೂದಿಲ್ಲ ಅಂತ
ಹೇಳದೆ ಇಟ್ಕಂಡೆ ಶನಿವಾರಾನ..."

ಯಾರೂ ದನಿಗೂಡಿಸಲಿಲ್ಲ. ಸಾಲಿನ ಎಲ್ಲ ತಲೆಗಳೂ ಒಂದೊಂದಾಗಿ ನೇತ್ರಾಳ ಕಡೆ ತಿರುಗಿದವು. ಅವಳ ಕೈಯ ಸಸಿ ಜಾರಿ ನೀರಿಗೆ ಬಿತ್ತು.

"ಆತು," ಎಂದಳು ಸುಕ್ರಿ. "ಹೇಳ್ದ. ದಾರಿ ಬಿಡಿ ಅವಂಗೆ."

ಅಡ್ಡ ನಿಂತವರು ಸರಿದರು. ಅಂಚು ತೆರವಾಯಿತು. ನಾಗಪತಿ ಕದಲಲಿಲ್ಲ.

ನೇತ್ರಾ ಕೆಸರು ತುಳಿಯುತ್ತ ಅವನ ಕಾಲಬುಡಕ್ಕೆ ಬಂದು ನಿಂತಳು. ಕೆಳಗಿನಿಂದ ಅವನನ್ನೇ ನೋಡಿದಳು.

"ಅದು ನನ್ನ ಕೈಗೆ ಆಗುದಿಲ್ಲ ಅಂತ ನಂಗೆ ಮೊದಲ ದಿನವೇ ಗೊತ್ತಾಗಿತ್ತು," ಎಂದಳು, ಅವನಿಗೆ ಮಾತ್ರ ಕೇಳುವಷ್ಟು.

"ಮತ್ತೆ ಎಂತಕೆ ನುಡಿಸ್ತಿದ್ದಿರಿ?"

"ಕೇಳುಕೆ ಎಂತಾದ್ರೂ ಒಂದು ಪ್ರಶ್ನೆ ಬೇಕಿತ್ತಲ್ಲ." ಅವಳ ಒಂದು ಹುಬ್ಬು ಮೇಲೇರಿತು. "ಅವತ್ತು ಬಾಗಿಲಲ್ಲಿ ನಿಂತಾಗ, ನಾ ಒಬ್ಳೇ ಬಂದ ಹಾಂಗೆ ಆತು. ಇಷ್ಟು ದಿನ ನೀವು ಬರೀ ಅಂಗಡಿ ನೋಡ್ಕಂಡಿದ್ರಿ, ನಾ ಒಬ್ಳೇ ಬಂದು ಬಂದು ಹೋದೆ ಅಂತ."

"ಒಬ್ಬರೇ ಅಲ್ಲ," ಎಂದ ಅವನು. ಈ ಸಲ ಹಾಡಾಗಿರಲಿಲ್ಲ. ದನಿ ನಡುಗಲೂ ಇಲ್ಲ. "ನಾನೂ ಇದ್ದೆ. ನೀವು ನುಡಿಸದ ದಿನಗಳಲ್ಲೂ."

ಗಾಳಿ ಬಂದು ಗದ್ದೆಯ ನೀರನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸವರಿ ಹೋಯಿತು. ಹಿಂದೆ ಯಾರೋ ಕಿಸಕ್ಕೆಂದರು. ಸುಕ್ರಿ ಅವರನ್ನು ಗದರಿದಳು, "ನಿಮ್ಮ ಕಣ್ಣು ಸಸಿ ಮೇಲೆ ಇರ್ಲಿ!"

"ದಾರಿ ಬಿಟ್ಟಾತಲ್ಲ," ಎಂದಳು ನೇತ್ರಾ. "ಹೋಗುದಿಲ್ವಾ?"

"ಇಲ್ಲ."

ಅವಳು ಕೆಸರುಗೈ ಮೇಲೆ ಚಾಚಿದಳು.

"ಹಂಗಾರೆ ಚೀಲ ಅಲ್ಲಿಡು. ಪ್ಯಾಂಟು ಮಡಚು," ಎಂದಳು. "ಇಳಿ."